ಬಾಗಿಲ ಹಿಂದಿನ ಅಕ್ಷರಗಳು

ಪುಟ್ಟಿ ಈ ಸಲವೂ ಫೇಲಾದಳು.

ಕಾಲೇಜಿನ ಕೊನೆಯ ಪರೀಕ್ಷೆ, ಎರಡನೇ ಪ್ರಯತ್ನ. ಮೂರು ವಿಷಯದಲ್ಲಿ ಪಾಸು, ಮೂರರಲ್ಲಿ ಫೇಲು. ಅಪ್ಪ ಅಂಕಪಟ್ಟಿಯನ್ನು ಒಮ್ಮೆ ನೋಡಿ, ಮೇಜಿನ ಮೇಲೆ ಬೋರಲು ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅವನು ಬ್ರೆಡ್ ಗಾಡಿ ಓಡಿಸುವವನು, ಬೀದಿಗೆಲ್ಲ ಬ್ರೆಡ್ಡಣ್ಣ. ಸಿಟ್ಟು ಬಂದರೆ ಕೂಗಾಡುವವನಲ್ಲ, ಗಾಡಿ ಒರೆಸುವವನು. ಆ ಸಂಜೆ ಒಂದೇ ಗಾಡಿಯನ್ನು ಎರಡು ಸಲ ಒರೆಸಿದ.

ಅಮ್ಮ ಆಗ ತಾನೇ ಆಸ್ಪತ್ರೆಯ ಲಾಂಡ್ರಿಯಿಂದ ಬಂದು ಉಸ್ಸಪ್ಪಾ ಎಂದು ಕೂತಿದ್ದಳು. ಹದಿನೆಂಟು ವರ್ಷದಿಂದ ಅಲ್ಲಿ ಇಸ್ತ್ರಿ ಕೆಲಸ. ಒದ್ದೆ ಹಾಸಿಗೆ ಬಟ್ಟೆಯನ್ನು ಬಿಸಿ ಉರುಳೆಗಳ ನಡುವೆ ಇಬ್ಬರು ತೂರಿಸಬೇಕು, ಆ ಕಡೆಯಿಂದ ಇಬ್ಬರು ಹಿಡಿದು ಮಡಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ. ಮುಂಗೈ ತುಂಬ ಸುಟ್ಟ ಕಲೆ, ಸೊಂಟದಲ್ಲಿ ಬಿಡದ ನೋವು. ಎಲ್ಲರ ಬಾಯಲ್ಲೂ ಅವಳು ಇಸ್ತ್ರಿಯಕ್ಕ. ಅವಳಿಗೂ ತನ್ನ ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

"ಅಮ್ಮಾ, ಇನ್ನು ಸಾಕು," ಅಂದಳು ಪುಟ್ಟಿ. "ನಾನೂ ನಿನ್ನ ಜೊತೆ ಲಾಂಡ್ರಿಗೆ ಬಂದ್ಬಿಡ್ತೀನಿ. ಬಟ್ಟೆ ಮಡಿಸೋಕೆ ಕಣ್ಣೇನೂ ಬೇಕಾಗಿಲ್ಲ."

ಇಸ್ತ್ರಿಯಕ್ಕ ತಟ್ಟನೆ ತಲೆ ಎತ್ತಿದಳು. ಆ ಮನೆಯಲ್ಲಿ ಕಣ್ಣಿನ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಹನ್ನೆರಡು ವರ್ಷದಿಂದ ಎತ್ತಿರಲಿಲ್ಲ.

ವಿಷಯ ಏನೆಂದರೆ, ಪುಟ್ಟಿಗೆ ಚಿಕ್ಕಂದಿನಿಂದಲೂ ಕಣ್ಣು ಮಂಜು. ಹಾದಿಯಲ್ಲಿ ಎಡವದೆ ನಡೆಯುತ್ತಾಳೆ, ಎದುರಿಗೆ ಬಂದವರು ಮಾತಾಡಿದರೆ ಯಾರೆಂದು ಹೇಳುತ್ತಾಳೆ. ಆದರೆ ಅಕ್ಷರ ಕಾಣಬೇಕಾದರೆ ಪುಸ್ತಕಕ್ಕೆ ಮೂಗು ತಾಗಬೇಕು. ಕಪ್ಪು ಹಲಗೆಯ ಮೇಲೆ ಏನು ಬರೆದಿದ್ದಾರೆಂದು ಅವಳು ಇವತ್ತಿನವರೆಗೂ ಓದಿಲ್ಲ, ಕೇಳಿಸಿಕೊಂಡಿದ್ದಾಳೆ ಅಷ್ಟೇ.

ಅವಳಿಗೆ ಆರು ವರ್ಷವಾದಾಗ ಶಾಲೆಗೆ ಸೇರಿಸುವ ಹೊತ್ತು ಬಂತು. ಸೇರಿಸುವ ಮುಂಚೆ ಎಲ್ಲ ಮಕ್ಕಳ ಕಣ್ಣು ಪರೀಕ್ಷೆ ಮಾಡುತ್ತಾರೆ ಅಂತ ಸುದ್ದಿ. ಅದಕ್ಕೆ ಹಿಂದಿನ ವರ್ಷವಷ್ಟೇ, ಪಕ್ಕದ ಮನೆಯ ಕಿವಿ ಕೇಳಿಸದ ಮಗುವನ್ನು "ಇವನಿಗೆ ಇಲ್ಲಿ ಆಗಲ್ಲ, ಬೇರೆ ಕಡೆ ನೋಡಿಕೊಳ್ಳಿ" ಎಂದು ವಾಪಸ್ಸು ಕಳಿಸಿದ್ದರು. ಆ ಬೇರೆ ಕಡೆ ಎಲ್ಲಿದೆಯೆಂದು ಯಾರಿಗೂ ತಿಳಿಯಲಿಲ್ಲ. ಮಗು ಮನೆಯಲ್ಲೇ ಉಳಿಯಿತು. ಪುಟ್ಟಿಯನ್ನೂ ಹಾಗೇ ಕಳಿಸಿಬಿಟ್ಟರೆ ಎಂದು ಇಸ್ತ್ರಿಯಕ್ಕ ಹೆದರಿದಳು.

ಅದೇ ವಾರ, ಕಣ್ಣಿನ ವಿಭಾಗದಿಂದ ಬಂದ ಮೈಲಿಗೆ ಬಟ್ಟೆಯ ಗಂಟಿನಲ್ಲಿ ಸುರುಳಿ ಸುತ್ತಿದ ಹಳೆಯ ಅಕ್ಷರದ ಪಟವೊಂದು ಸಿಕ್ಕಿತು. ಅಂಚು ಹರಿದಿತ್ತು, ಎಸೆಯಲು ಇಟ್ಟಿದ್ದಿರಬೇಕು. ಮೇಲೆ ಒಂದು ದೊಡ್ಡ ಅಕ್ಷರ, ಕೆಳಕ್ಕೆ ಬಂದಂತೆ ಸಣ್ಣದಾಗುವ ಏಳು ಸಾಲು. ಇಸ್ತ್ರಿಯಕ್ಕ ಅತ್ತಿತ್ತ ನೋಡಿ ಅದನ್ನು ಚೀಲಕ್ಕೆ ಸೇರಿಸಿದಳು. ಮನೆಗೆ ಬಂದು ಅಡುಗೆಮನೆ ಬಾಗಿಲ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು.

"ಹೇಳು. ಮೊದಲನೇ ಸಾಲು, ಪ. ಎರಡನೇ ಸಾಲು, ಗ, ಲ. ಮೂರನೇದು, ಟ, ರ, ವ. ಹೇಳು ಮರೀ, ತಪ್ಪಬಾರದು."

ಮಗು ಮಗ್ಗಿ ಕಲಿತ ಹಾಗೆ ಕಲಿಯಿತು. ಕಾಣದ ಪಟದ ಮುಂದೆ ನಿಂತು, ಕಾಣದ ಏಳು ಸಾಲನ್ನು ಗಡಗಡ ಒಪ್ಪಿಸಿತು. ಶಾಲೆಯಲ್ಲೂ ಅದೇ ಪಟ. "ಶಹಬ್ಬಾಸ್, ಹದ್ದಿನ ಕಣ್ಣು!" ಎಂದರು ಪರೀಕ್ಷೆ ಮಾಡಲು ಬಂದವರು. ಅವತ್ತು ಇಸ್ತ್ರಿಯಕ್ಕ ಗೆದ್ದೆ ಅಂದುಕೊಂಡಳು. ಪಟ ಮಾತ್ರ ಬಾಗಿಲ ಹಿಂದೆಯೇ ಉಳಿಯಿತು, ಪ್ರತಿ ವರ್ಷ ಶಾಲೆ ಶುರುವಾಗುವ ಮುಂಚೆ ಇನ್ನೊಮ್ಮೆ ಒಪ್ಪಿಸುವುದಕ್ಕೆ.

ಪುಟ್ಟಿ ಫೇಲಾದ ಮರುದಿನ ಊಟದ ಬಿಡುವಿನಲ್ಲಿ ಇಸ್ತ್ರಿಯಕ್ಕ ಆಸ್ಪತ್ರೆಯ ಟೆಲಿಫೋನ್ ಕೋಣೆಗೆ ಹೋಗಿ ತೆಪ್ಪಗೆ ಕೂತಳು. ಅಲ್ಲಿ ಕೆಲಸ ಮಾಡುವ ಹೆಂಗಸಿಗೆ ಎರಡೂ ಕಣ್ಣು ಕಾಣುವುದಿಲ್ಲ. ಯಾವ ವಾರ್ಡಿನ ನಂಬರು ಎಷ್ಟು, ಯಾವ ಡಾಕ್ಟರು ಯಾವಾಗ ಇರುತ್ತಾರೆ, ಯಾರ ಧ್ವನಿ ಯಾರದು, ಎಲ್ಲ ನಾಲಿಗೆಯ ತುದಿಯಲ್ಲಿ. ಅವಳಿಗೆ ಫೋನಕ್ಕ ಎಂದೇ ಹೆಸರು.

"ಏನಮ್ಮಾ ಇಸ್ತ್ರಿ, ಗಂಜಿ ವಾಸನೆ ಬಂತು, ಮಾತು ಬರಲಿಲ್ಲ? ಯಾರ ಮೇಲೆ ಮುನಿಸು?"

"ಪುಟ್ಟಿ ಮತ್ತೆ ಫೇಲಾದಳು ಅಕ್ಕ."

"ಓದಿರಲಿಲ್ವಾ?"

"ಓದಿದ್ದಳು. ಕೇಳಿದರೆ ಎಲ್ಲಾ ಹೇಳ್ತಾಳೆ. ಬರೆಯೋದೇ ಮುಗಿಯಲ್ಲ. ಪ್ರಶ್ನೆ ಓದೋ ಹೊತ್ತಿಗೇ ಅರ್ಧ ಗಂಟೆ ಹೋಗುತ್ತೆ. ಮೂರನೇ ಪುಟಕ್ಕೆ ಬರೋವಾಗ ಗಂಟೆ ಹೊಡೀತಾರೆ."

ಫೋನಕ್ಕ ಮೆಲ್ಲಗೆ ಕೇಳಿದಳು. "ಮೂಗು ತಾಗಿಸಿ ಓದ್ತಾಳಾ?"

ಇಸ್ತ್ರಿಯಕ್ಕ ಕುರ್ಚಿ ಸರಿಸಿ ಎದ್ದಳು. ಫೋನಕ್ಕನಿಗೆ ಅಷ್ಟೇ ಸಾಕಾಯಿತು.

"ನನ್ನ ಹತ್ರ ಮುಚ್ಚಿಡೋಕೆ ಏನಿದೆ ಹೇಳು? ನೋಡಿ ನಗೋಕೆ ನನಗೆ ಕಣ್ಣೇ ಇಲ್ಲ," ಎಂದು ತಾನೇ ನಕ್ಕಳು. ಇಸ್ತ್ರಿಯಕ್ಕನಿಗೆ ನಗು ಬರಲಿಲ್ಲ. "ಕೇಳಿಲ್ಲಿ. ಇದಕ್ಕೆಲ್ಲ ಸರ್ಕಾರದ ಕಾನೂನು ಇದೆ. ಕಣ್ಣು ಮಂಜಾದ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡಬೇಕು. ದಪ್ಪ ಅಕ್ಷರದ ಪ್ರಶ್ನೆಪತ್ರಿಕೆ ಕೊಡಬೇಕು. ಬರೆಯೋಕೆ ಆಗದಿದ್ದರೆ, ಹೇಳಿದ್ದನ್ನ ಬರೆದುಕೊಡೋಕೆ ಒಬ್ಬರನ್ನ ಕೂರಿಸಿಕೊಳ್ಳಬಹುದು. ಅಂಗವಿಕಲ ಅನ್ನೋ ಕಾರಣಕ್ಕೆ ಮಗುವನ್ನ ಸೇರಿಸಿಕೊಳ್ಳಲ್ಲ ಅಂತ ಶಾಲೆಯವರು ಹೇಳೋ ಹಾಗೇ ಇಲ್ಲ."

"ಹೇಳೋ ಹಾಗಿಲ್ವಾ?" ಇಸ್ತ್ರಿಯಕ್ಕನಿಗೆ ಪಕ್ಕದ ಮನೆಯ ಮಗು ಕಣ್ಣ ಮುಂದೆ ಬಂತು.

"ಇಲ್ಲ. ಓದು ಮುಗಿದ ಮೇಲೆ ಸರ್ಕಾರಿ ಕೆಲಸದಲ್ಲಿ ನಮ್ಮಂಥವರಿಗೆ ಅಂತಲೇ ಇಷ್ಟು ಜಾಗ ಅಂತ ತೆಗೆದಿಟ್ಟಿರ್ತಾರೆ. ನಾನು ಇಲ್ಲಿ ಕೂತಿರೋದು ಹಾಗೇ. ಹೋದ ವರ್ಷ ನುಣ್ಣಗಿರೋ ಹೊಸ ಫೋನು ತಂದಿಟ್ಟರು. ಒತ್ತೋಕೆ ಗುಂಡಿನೇ ಇಲ್ಲ, ಗಾಜು ಸವರಬೇಕು. ನಾನೇನು ಮಾಡಲಿ? ಒಂದು ಅರ್ಜಿ ಕೊಟ್ಟೆ. ತಿಂಗಳೊಳಗೆ ಉಬ್ಬು ಚುಕ್ಕೆಯ ಗುಂಡಿ ಇರೋ ಫೋನು ಬಂತು. ಬೇಡಿಕೊಂಡಿಲ್ಲ ಕಣಮ್ಮ. ಕೆಲಸ ಮಾಡೋಕೆ ಬೇಕಾದ್ದನ್ನ ಒದಗಿಸೋದು ಅವರ ಜವಾಬ್ದಾರಿ."

ಫೋನು ರಿಂಗಾಯಿತು. "ಆಸ್ಪತ್ರೆ, ಹೇಳಿ," ಎಂದು ಯಾರಿಗೋ ಯಾವುದೋ ವಾರ್ಡು ಜೋಡಿಸಿ ಮತ್ತೆ ಇತ್ತ ತಿರುಗಿದಳು.

"ಆದರೆ ಎಲ್ಲಕ್ಕೂ ಮೊದಲು ಪ್ರಮಾಣಪತ್ರ ಬೇಕು. ಕೊಡೋದು ಇಲ್ಲೇ, ನಿನ್ನ ಲಾಂಡ್ರಿ ನೆತ್ತಿ ಮೇಲೇ, ಎರಡನೇ ಮಹಡಿ. ಬುಧವಾರ ಬುಧವಾರ. ಮುಂದಿನ ಪರೀಕ್ಷೆಗೆ ಅರ್ಜಿ ಹಾಕೋಕೆ ಎಷ್ಟು ದಿನ ಇದೆ?"

"ಮೂರು ವಾರ."

"ಹಾಗಾದ್ರೆ ಈ ಬುಧವಾರವೇ ಕರ್ಕೊಂಡು ಬಾ."

ಮನೆಯಲ್ಲಿ ವಿಷಯ ಎತ್ತಿದ್ದೇ ತಡ, ಎಂದೂ ಕೂಗಾಡದ ಬ್ರೆಡ್ಡಣ್ಣ ಸಿಡಿದ.

"ಏನಂತೆ? ನನ್ನ ಮಗಳು ಅಂಗವಿಕಲೆ ಅಂತ ಸೀಲು ಹೊಡೆಸಿಕೊಂಡು ಬರ್ತೀಯಾ? ಊರಿಗೆಲ್ಲ ಡಂಗುರ ಹೊಡೆಸು, ಅದೊಂದು ಬಾಕಿ. ನಾಳೆ ಅವಳನ್ನ ಯಾರು ಮದುವೆ ಆಗ್ತಾರೆ?"

"ರೀ, ಫೇಲಾದವಳನ್ನ ಯಾರು ಆಗ್ತಿದ್ದಾರೆ?"

"ಇಷ್ಟು ವರ್ಷ ಶಾಲೆ ಅರ್ಜಿ, ಕಾಲೇಜು ಅರ್ಜಿ, ಎಲ್ಲಾ ನಾನೇ ತುಂಬಿದ್ದು. 'ಅಂಗವೈಕಲ್ಯ ಇದೆಯೇ' ಅಂತ ಒಂದು ಕಡೆ ಕೇಳಿರ್ತಾರೆ. ಪ್ರತಿ ಸಲ 'ಇಲ್ಲ' ಅಂತ ದಪ್ಪಗೆ ಬರೆದಿದ್ದೀನಿ. ನನ್ನ ಮಗಳಿಗೆ ಏನೂ ಕಮ್ಮಿ ಇಲ್ಲ."

ಗೋಡೆಗೆ ಒರಗಿ ಕೂತಿದ್ದ ಪುಟ್ಟಿ ಅಲ್ಲಿಂದಲೇ ಹೇಳಿದಳು. "ಅಪ್ಪಾ, ನೀನು 'ಇಲ್ಲ' ಅಂತ ಬರೆದೆ. ಅದಕ್ಕೇ ಕಾಲೇಜಿನವರು ಹೆಚ್ಚಿನ ಹೊತ್ತು ಕೊಡಲಿಲ್ಲ. ಅವರನ್ನ ಬೈಯೋದು ಹೇಗೆ?"

ದನಿಯಲ್ಲಿ ಕೋಪ ಇರಲಿಲ್ಲ, ಸುಸ್ತು ಇತ್ತು. ಬ್ರೆಡ್ಡಣ್ಣ ಗಾಡಿ ಒರೆಸುವ ಬಟ್ಟೆ ಹುಡುಕಿಕೊಂಡು ಎದ್ದು ಹೋದ. ಬೇಡ ಅಂತಲೂ ಹೇಳಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅಷ್ಟನ್ನೇ ಒಪ್ಪಿಗೆ ಅಂತ ಇಟ್ಟುಕೊಂಡು ಇಸ್ತ್ರಿಯಕ್ಕ ಬುಧವಾರ ಅರ್ಧ ದಿನ ರಜೆ ಹಾಕಿದಳು.

ಎರಡನೇ ಮಹಡಿಯ ವರಾಂಡದಲ್ಲಿ ಉದ್ದದ ಸಾಲು. ಊರುಗೋಲಿನವರು, ಗಾಲಿಕುರ್ಚಿಯವರು, ಅಮ್ಮಂದಿರ ಹೆಗಲ ಮೇಲೆ ದೊಡ್ಡ ದೊಡ್ಡ ಮಕ್ಕಳು. ಕೂರಲು ಎರಡೇ ಬೆಂಚು. ಎರಡು ಗಂಟೆ ನಿಂತ ಮೇಲೆ ಪುಟ್ಟಿಯನ್ನು ಕರೆದರು. ಜೊತೆಯವರು ಹೊರಗೇ ಇರಬೇಕಂತೆ. ಇಸ್ತ್ರಿಯಕ್ಕ ಬಾಗಿಲ ಪಕ್ಕದ ಗೋಡೆಗೆ ಸೊಂಟ ಆನಿಸಿ ನಿಂತಳು.

ಒಳಗಿನಿಂದ ಡಾಕ್ಟರ ದನಿ ಕೇಳಿಸಿತು. "ಎದುರಿಗಿರೋ ಪಟ ಓದಮ್ಮಾ."

ಆಮೇಲೆ ಮಗಳ ದನಿ. "ಪ. ಗ, ಲ. ಟ, ರ, ವ. ನ, ದ, ಸ, ಕ..."

ಬಾಗಿಲ ಹಿಂದಿನದೇ ಪಟ. ಏಳೂ ಸಾಲು. ಒಂದು ಅಕ್ಷರ ತಪ್ಪಲಿಲ್ಲ.

ಐದೇ ನಿಮಿಷದಲ್ಲಿ ಪುಟ್ಟಿ ಚೀಟಿ ಹಿಡಿದು ಹೊರಗೆ ಬಂದಳು. "ದೃಷ್ಟಿ ಸರಿಯಿದೆ" ಎಂದು ಬರೆದಿತ್ತು. ಮುಂದಿನ ಪರೀಕ್ಷೆಗಳಿಗೆ ಕಳಿಸುವ ಅಗತ್ಯವೇ ಇಲ್ಲ ಅಂದರಂತೆ.

"ಯಾಕೇ? ಯಾಕೇ ಹಾಗೆ ಒಪ್ಪಿಸಿದೆ?" ಇಸ್ತ್ರಿಯಕ್ಕ ಮಗಳ ಎರಡೂ ತೋಳು ಹಿಡಿದಳು. "ಕಾಣಲ್ಲ ಅಂತ ಹೇಳೋಕೆ ತಾನೇ ಬಂದಿದ್ದು?"

"ಗೊತ್ತಿಲ್ಲಮ್ಮ." ಪುಟ್ಟಿ ಚೀಟಿ ಮಡಿಸತೊಡಗಿದಳು. "ಓದು ಅಂದರು. ಬಾಯಿ ತಾನಾಗೇ ಓಡಿತು. ತಪ್ಪಿದರೆ ನೀನು ಮೊದಲಿಂದ ಹೇಳಿಸ್ತಿದ್ದೆಯಲ್ಲ, ಅದೇ ಹೆದರಿಕೆ ಬಂತು. ನಿಲ್ಲಿಸೋಕೆ ಆಗಲಿಲ್ಲ."

ಇಸ್ತ್ರಿಯಕ್ಕ ಕೈ ಬಿಟ್ಟಳು. ಅವಳಿಗೆ ಆಗ ಅನಿಸಿದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಮನೆಗೆ ಹೋಗಿಬಿಡೋಣ ಅನಿಸಿತು. ಒಳಗೆ ಹೋಗಿ ಹೇಳಬೇಕಾದರೆ ಎಲ್ಲ ಹೇಳಬೇಕು. ಆಸ್ಪತ್ರೆಯ ಪಟ ಕದ್ದದ್ದು, ಮಗುವಿಗೆ ಸುಳ್ಳು ಕಲಿಸಿದ್ದು, ಶಾಲೆಯವರ ಕಣ್ಣಿಗೆ ಮಣ್ಣೆರಚಿದ್ದು. ಕೆಲಸ ಹೋದರೆ? ಸೊಂಟ ನೋಯುತ್ತಿತ್ತು. ಮಧ್ಯಾಹ್ನದ ಪಾಳಿಗೆ ಹೋಗಬೇಕಿತ್ತು. ಮಗಳು ಎದುರಿಗೇ ಚೀಟಿ ಮಡಿಸುತ್ತಾ, ಇನ್ನೂ ಇನ್ನೂ ಸಣ್ಣದಾಗಿ ಮಡಿಸುತ್ತಾ ನಿಂತಿದ್ದಳು. ಎಷ್ಟು ಅಚ್ಚುಕಟ್ಟಾಗಿ ಮಡಿಸುತ್ತಿದ್ದಳೆಂದರೆ, ಇಸ್ತ್ರಿಯಕ್ಕನಿಗೆ ಲಾಂಡ್ರಿಯ ಉರುಳೆಯ ಆ ಕಡೆ ತನ್ನ ಮಗಳು ನಿಂತಂತೆಯೇ ಕಂಡಿತು.

ಅವಳು ಚೀಟಿ ಕಿತ್ತುಕೊಂಡು ಬಾಗಿಲು ತಳ್ಳಿದಳು.

"ಸರ್, ಅವಳಿಗೆ ಆ ಪಟ ಕಾಣಿಸಲ್ಲ. ಬಾಯಿಪಾಠ. ನಾನೇ ಕಲಿಸಿದ್ದು."

ಡಾಕ್ಟರು ತಲೆ ಎತ್ತಿದರು. ಅವರ ಮುಖದಲ್ಲೂ ಇಸ್ತ್ರಿಯಕ್ಕನಷ್ಟೇ ಸುಸ್ತು. "ಎಷ್ಟು ದಿನದಿಂದ?"

"ಹನ್ನೆರಡು ವರ್ಷ. ಪಟವೂ ಇಲ್ಲಿಂದಲೇ... ಮೈಲಿಗೆ ಗಂಟಿನಲ್ಲಿ ಸಿಕ್ಕಿತ್ತು. ತಪ್ಪಾಯ್ತು. ಏನು ಮಾಡಬೇಕೋ ನನಗೆ ಮಾಡಿ. ಅವಳನ್ನ ಇನ್ನೊಂದು ಸಲ ನೋಡಿ ಸರ್."

ಡಾಕ್ಟರು ಎದ್ದು ಹೋಗಿ ಗೋಡೆಯ ಮೇಲಿನ ಪಟ ಬಿಚ್ಚಿ, ಇನ್ನೊಂದನ್ನು ತಗುಲಿಸಿದರು. ಅದರಲ್ಲಿ ಅಕ್ಷರವೇ ಇಲ್ಲ, ಓದು ಬಾರದವರಿಗೆಂದು ಮಾಡಿದ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಪುಟ್ಟಿಯನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು.

"ಎಲ್ಲಕ್ಕಿಂತ ಮೇಲಿರೋ ದೊಡ್ಡದು. ಹಲ್ಲು ಯಾವ ಕಡೆ ಇದೆ ಹೇಳಮ್ಮ."

ಪುಟ್ಟಿ ಬಹಳ ಹೊತ್ತು ನೋಡಿದಳು. ಕತ್ತು ಮುಂದೆ ಚಾಚಿದಳು, ಓರೆ ಮಾಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು. "ಸರ್, ಪಟ ಎಲ್ಲಿದೆ?"

ಇಸ್ತ್ರಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗಳಿಗೆ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಷ್ಟು ಕಾಣುವುದಿಲ್ಲ ಎಂದು ಗೊತ್ತಿರಲಿಲ್ಲ, ಯಾಕೆಂದರೆ ಅವಳು ಎಂದೂ ಕೇಳಿರಲಿಲ್ಲ.

ಆ ದಿನ ಇನ್ನೂ ಮೂರು ಯಂತ್ರಗಳ ಮುಂದೆ ಪುಟ್ಟಿಯನ್ನು ಕೂರಿಸಿದರು. ಕಣ್ಣಿನ ಹಿಂದಿನ ಪರದೆಯ ತೊಂದರೆ, ಹುಟ್ಟಿನಿಂದ ಬಂದದ್ದು, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದರು.

"ಚಿಕ್ಕವಳಿದ್ದಾಗಲೇ ಕರ್ಕೊಂಡು ಬಂದಿದ್ದರೆ ಗುಣ ಆಗ್ತಿತ್ತಾ ಸರ್?" ಇಸ್ತ್ರಿಯಕ್ಕ ಕೇಳಿದಳು.

"ಗುಣ ಆಗ್ತಿರಲಿಲ್ಲಮ್ಮ." ಡಾಕ್ಟರು ಮೇಜಿನ ಖಾನೆಯಿಂದ ಅಂಗೈಯಗಲದ ಒಂದು ಭೂತಗನ್ನಡಿ ತೆಗೆದು ಪುಟ್ಟಿಯ ಕೈಗಿಟ್ಟರು. "ಸುಲಭ ಆಗ್ತಿತ್ತು."

ಪುಟ್ಟಿ ಅಮ್ಮನ ಕೈಯಿಂದ ಚೀಟಿ ತೆಗೆದುಕೊಂಡು, ಬಿಡಿಸಿ, ಗಾಜನ್ನು ಅದರ ಮೇಲೆ ಹಿಡಿದಳು. "ದೃಷ್ಟಿ ಸರಿಯಿದೆ," ಎಂದು ಸರಾಗವಾಗಿ ಓದಿದಳು. ಡಾಕ್ಟರಿಗೇ ನಗು ಬಂತು. ಚೀಟಿ ವಾಪಸ್ಸು ತೆಗೆದುಕೊಂಡು ಅಡ್ಡಗೀಟು ಹಾಕಿದರು. ಕದ್ದ ಪಟದ ಬಗ್ಗೆ ಅವರು ಆಮೇಲೂ ಒಂದು ಮಾತು ಆಡಲಿಲ್ಲ.

ಹತ್ತು ದಿನಕ್ಕೆ ಪ್ರಮಾಣಪತ್ರ ಕೈಸೇರಿತು. ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ಕಾಲೇಜಿನ ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೂಗು ಮುರಿದ.

"ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು? ನಮ್ಮಲ್ಲಿ ಅಂಥದ್ದೆಲ್ಲ ಪದ್ಧತಿ ಇಲ್ಲಮ್ಮ."

ಇಸ್ತ್ರಿಯಕ್ಕ ಫೋನಕ್ಕ ಹೇಳಿಕೊಟ್ಟಂತೆ ಹೇಳಿದಳು. "ಪದ್ಧತಿ ಇಲ್ಲದಿದ್ದರೂ ಕಾನೂನು ಇದೆಯಂತೆ ಸರ್. ಅರ್ಜಿ ತಗೊಂಡು, ತಗೊಂಡಿದ್ದೀವಿ ಅಂತ ಸಹಿ ಹಾಕಿಕೊಡಿ. ಕೊಡಲ್ಲ ಅನ್ನೋದಾದರೆ ಅದನ್ನೂ ಬರೆದುಕೊಡಿ. ಅಂಗವಿಕಲರ ಇಲಾಖೆಗೆ ತಗೊಂಡು ಹೋಗ್ತೀನಿ."

ಬರೆದುಕೊಡಿ ಅನ್ನುವ ಮಾತಿಗೆ ಗುಮಾಸ್ತ ಒಳಗೆ ಹೋಗಿ ಪ್ರಿನ್ಸಿಪಾಲರನ್ನು ಕಂಡು ಬಂದ. ಬಂದವನು ಸೀಲು ಹೊಡೆದು, ಅರ್ಜಿ ತಲುಪಿದೆ ಎಂದು ಸಹಿ ಹಾಕಿಕೊಟ್ಟ. ಹೆಚ್ಚಿನ ಹೊತ್ತಿಗೆ ಅನುಮತಿ ಸಿಗುವಷ್ಟರಲ್ಲಿ ಮೂರು ಸಲ ಓಡಾಡಬೇಕಾಯಿತು, ಮೂರು ಅರ್ಧ ದಿನದ ರಜೆ ಹೋಯಿತು.

ಪರೀಕ್ಷೆಯ ಕೊನೆಯ ದಿನ ಇಸ್ತ್ರಿಯಕ್ಕ ಕಾಲೇಜಿನ ಗೇಟಿನ ಬಳಿ ಕಾಯುತ್ತಿದ್ದಳು. ಗಂಟೆ ಹೊಡೆಯಿತು. ಮಕ್ಕಳೆಲ್ಲ ಗುಲ್ಲೆಬ್ಬಿಸುತ್ತ ಹೊರಗೆ ಬಂದರು, ಸೈಕಲ್ ಹತ್ತಿದರು, ಹೋದರು. ಅಂಗಳ ಖಾಲಿಯಾಯಿತು. ಪುಟ್ಟಿ ಬರಲಿಲ್ಲ. ಹಿಂದಿನ ಎರಡು ಸಲ ಇದೇ ಗಂಟೆಗೆ ಅವಳ ಕೈಯಿಂದ ಹಾಳೆ ಕಿತ್ತುಕೊಂಡಿದ್ದರು. ಇವತ್ತು ಗಂಟೆ ಹೊಡೆದ ಮೇಲೂ ಮಗಳು ಒಳಗೆ ಬರೆಯುತ್ತಿದ್ದಾಳೆ. ಇಸ್ತ್ರಿಯಕ್ಕ ಕಟ್ಟೆಯ ಮೇಲೆ ಕೂತು, ಅಷ್ಟು ದಿನದಲ್ಲಿ ಮೊದಲ ಸಲ, ಕೂತಲ್ಲೇ ನಿದ್ದೆ ಹೋದಳು.

"ಅಮ್ಮಾ, ಏಳು." ಪುಟ್ಟಿ ಭುಜ ಅಲುಗಿಸುತ್ತಿದ್ದಳು. ಬೆರಳಿಗೆಲ್ಲ ಶಾಯಿ. "ಎಲ್ಲಾ ಪ್ರಶ್ನೆಗೂ ಬರೆದೆ. ಕೊನೇ ಪ್ರಶ್ನೆ ಹೇಗಿರುತ್ತೆ ಅಂತ ಇವತ್ತೇ ನಾನು ನೋಡಿದ್ದು."

ಪುಟ್ಟಿ ಪಾಸಾದಳು. ರ‍್ಯಾಂಕು ಗೀಂಕು ಏನಿಲ್ಲ, ಪಾಸು ಅಷ್ಟೇ. ಫಲಿತಾಂಶ ಬಂದ ಸಂಜೆ ಇಸ್ತ್ರಿಯಕ್ಕ ಬಾಗಿಲ ಹಿಂದಿನ ಪಟ ಇಳಿಸಿದಳು. ಗೋಡೆಯಲ್ಲಿ ಬಿಳಿಯ ಚೌಕ ಉಳಿಯಿತು.

ಮುಂದಿನ ತಿಂಗಳು ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಅರ್ಜಿ ಕರೆದರು. ಫೋನಕ್ಕನೇ ಸುದ್ದಿ ಕೊಟ್ಟಿದ್ದು. ಅಂಗವಿಕಲರಿಗೆ ತೆಗೆದಿಟ್ಟ ಜಾಗವೂ ಇತ್ತು. ಮನೆಯಲ್ಲಿ ಅರ್ಜಿ ತುಂಬುವುದು ಎಂದಿಗೂ ಬ್ರೆಡ್ಡಣ್ಣನ ಕೆಲಸ. ಗಾಡಿ ನಿಲ್ಲಿಸಿ, ಕೈ ತೊಳೆದು, ಮೇಜಿನ ಮುಂದೆ ಕೂತ. ತಂದೆಯ ಹೆಸರು, ವಿಳಾಸ, ಹುಟ್ಟಿದ ದಿನ. ಪೆನ್ನು ಸರಸರ ಓಡಿತು. ಒಂದು ಕಡೆ ಬಂದು ನಿಂತಿತು.

ಯಾವ ಪ್ರಶ್ನೆಯೆಂದು ತಾಯಿ ಮಗಳು ಇಬ್ಬರಿಗೂ ಗೊತ್ತಿತ್ತು.

ಬ್ರೆಡ್ಡಣ್ಣ ಬಹಳ ಹೊತ್ತು ಆ ಹಾಳೆಯನ್ನೇ ನೋಡಿದ. ಆಮೇಲೆ ಏನೋ ಬರೆದು, ಹಾಳೆಯನ್ನೂ ಭೂತಗನ್ನಡಿಯನ್ನೂ ಮಗಳ ಕಡೆ ಸರಿಸಿದ. "ಸರಿಯಾಗಿದೆಯಾ ನೋಡವ್ವ," ಎಂದ.

ಪುಟ್ಟಿ ಗಾಜು ಹಿಡಿದು ನೋಡಿದಳು. 'ಹೌದು' ಎಂದು ಬರೆದಿದ್ದ. ಯಾವಾಗಲೂ 'ಇಲ್ಲ' ಎಂದು ಬರೆಯುತ್ತಿದ್ದ ಹಾಗೇ, ದಪ್ಪಗೆ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಪುಟ್ಟಿಗೆ ಆ ಕೆಲಸ ಸಿಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅರ್ಜಿ ಹಾಕಿದ ಎಲ್ಲರಿಗೂ ಕೆಲಸ ಸಿಗುವುದಿಲ್ಲ. ಆದರೆ ಅವಳು ಈಗ ಸಾಲಿನಲ್ಲಿ ನಿಂತಿದ್ದಾಳೆ, ತನ್ನ ಕಣ್ಣಿನ ಸಮೇತ. ಹನ್ನೆರಡು ವರ್ಷ ಅವಳು ಪಟ್ಟ ಪಾಡಿನಲ್ಲಿ ಅರ್ಧ ಪಾಡು ಕಣ್ಣಿನದಲ್ಲ, ಮುಚ್ಚಿಟ್ಟದ್ದರದು. ನಿಮ್ಮ ಮನೆಯ ಬಾಗಿಲ ಹಿಂದೆಯೂ ಅಂಥದ್ದೊಂದು ನೇತಾಡುತ್ತಿದ್ದರೆ ದಯವಿಟ್ಟು ಇವತ್ತೇ ಇಳಿಸಿ. ಮಗುವಿಗೆ ಏನು ಕಾಣಿಸುತ್ತೆ, ಏನು ಕೇಳಿಸುತ್ತೆ, ಎಲ್ಲಿ ಕಷ್ಟ ಅಂತ ಮಗುವನ್ನೇ ಕೇಳಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಮಾಣಪತ್ರ ಯಾವ ದಿನ ಕೊಡುತ್ತಾರೆಂದು ವಿಚಾರಿಸಿ. ಶಾಲೆಯವರೋ ಕಚೇರಿಯವರೋ ಆಗಲ್ಲ ಅಂದರೆ, ಆಗಲ್ಲ ಅಂತ ಬರೆದುಕೊಡಿ ಅನ್ನಿ. ಸುಸ್ತಾಗುತ್ತದೆ, ನಿಜ. ಓಡಾಟ ಇದೆ, ಕಾಯುವುದಿದೆ, ಮೂಗು ಮುರಿಯುವವರೂ ಇದ್ದಾರೆ. ಸುಸ್ತಾದರೆ ಒಂದು ಗಳಿಗೆ ಕಟ್ಟೆಯ ಮೇಲೆ ಕೂತುಕೊಳ್ಳಿ, ಆಮೇಲೆ ಎದ್ದು ಮತ್ತೆ ಹೋಗಿ. ಒಳಗೆ ನಿಮ್ಮ ಮಗು ಇನ್ನೂ ಬರೆಯುತ್ತಿದೆ.